ಖಾಲಿ ಹಾಳೆಯೂ ಒಂದು ಉತ್ತರ

ವಾರದ 168 ಗಂಟೆಗಳಲ್ಲಿ ಚಿಕಿತ್ಸಕರ ಎದುರು ಕೂರುವುದು ಒಂದೇ ಗಂಟೆ. ಮಿಕ್ಕಿದ್ದು ಖಿನ್ನತೆಯದೇ ರಾಜ್ಯ. ಅದಕ್ಕೇ ಆರನ್ ಬೆಕ್ ಮತ್ತು ಸಂಗಡಿಗರು 1979ರಲ್ಲಿ ಕಾಗ್ನಿಟಿವ್ ಥೆರಪಿಯ ಬಗ್ಗೆ ಬರೆದ ಪುಸ್ತಕದಲ್ಲಿ ಹೋಂವರ್ಕ್‌ಗೆ ದೊಡ್ಡ ಜಾಗವಿದೆ: ದಿನಚರಿ ಬರೆಯುವುದು, ತಾನಾಗಿ ನುಗ್ಗುವ ಯೋಚನೆಗಳನ್ನು ಗುರುತಿಸಿ ಪರೀಕ್ಷಿಸುವುದು.

ಹರಿಹರದಿಂದ ದಾವಣಗೆರೆಗೆ ಚಿಕಿತ್ಸೆಗೆ ಬರುವ ನನ್ನ ಗೆಳೆಯನಿಗೆ ಸಿಕ್ಕಿದ್ದು ಸಣ್ಣ ಕೆಲಸ: ಸಂಜೆ ಹತ್ತು ನಿಮಿಷ ತುಂಗಭದ್ರೆಯ ದಂಡೆಯಲ್ಲಿ ನಡೆದು, ಮನಸ್ಸು ಹೇಗಿತ್ತೆಂದು ಹತ್ತಕ್ಕೆ ಅಂಕ ಬರೆಯುವುದು. ಎರಡು ವಾರವೂ ಹಾಳೆ ಖಾಲಿ. 'ನಾನು ಸೋಮಾರಿ ಕಣೋ' ಎಂದ.

ಇಚ್ಛಾಶಕ್ತಿಯನ್ನೇ ಕಸಿಯುವ ಕಾಯಿಲೆ ಇರುವವನಿಂದ ಇಚ್ಛಾಶಕ್ತಿ ಬೇಡುವ ಕೆಲಸ ಕೇಳುವುದು ನ್ಯಾಯವೇ? ಆದರೆ ಕೇಳದೇ ಬಿಟ್ಟರೆ, 'ನಿನ್ನ ಕೈಲಾಗದು' ಎನ್ನುವ ಖಿನ್ನತೆಯ ಮಾತಿಗೆ ನಾವೂ ಹೂಂಗುಟ್ಟಿದಂತೆ. ಕೇಳಬೇಕು, ಆದರೆ ಮೇಷ್ಟ್ರ ಹಾಗಲ್ಲ. ಸಂಶೋಧನಾ ವಿದ್ಯಾರ್ಥಿಯಾದ ನನಗೆ ಖಾಲಿ ಹಾಳೆಯೂ ದತ್ತಾಂಶ: ಕೆಲಸ ದೊಡ್ಡದಾಯಿತೇ? ಹೊತ್ತು ಸರಿಯಿರಲಿಲ್ಲವೇ? ಹೊರಡುವಾಗ ಯಾವ ಯೋಚನೆ ಅಡ್ಡ ಬಂತು? ಹೊಣೆ ಬೇರೆ, ತಪ್ಪು ಬೇರೆ. ಹೊಣೆಯನ್ನು ರೋಗಿಗೆ ಕೊಡಬಹುದು, ತಪ್ಪನ್ನು ಹೊರಿಸಬಾರದು.

ಮೂರನೆಯ ವಾರದ ಹೋಂವರ್ಕ್ ಇಷ್ಟೇ: ಚಪ್ಪಲಿ ಮೆಟ್ಟಿ ಬಾಗಿಲ ತನಕ ಬರುವುದು. ಹಾಳೆಯಲ್ಲಿ ಮೊದಲ ಅಂಕ ಬಿತ್ತು: 3. ಹತ್ತಕ್ಕೆ ಮೂರು ಎಂದರೆ ಶಾಲೆಯಲ್ಲಿ ನಪಾಸು. ಇಲ್ಲಿ ಅದು ಲೆಕ್ಕದ ಆರಂಭ.