ಸ್ವಾತಂತ್ರ್ಯದ ಮೇರೆಗಳು

ಒಂದು ರಾಜ್ಯದ ಪ್ರಜೆ ಮತ್ತೊಂದು ರಾಜ್ಯದ ಪ್ರಜೆಗಿಂತ ಹೆಚ್ಚು ಸ್ವತಂತ್ರನೋ, ಕಡಿಮೆ ಸ್ವತಂತ್ರನೋ ಎಂಬುದನ್ನು ಅಂಕಿಗಳಿಂದ ನಿರ್ಣಯಿಸಬಹುದೆಂದು ನಂಬಿ, ಆ ಕಾರ್ಯಕ್ಕೆ ವರ್ಷಗಳನ್ನೇ ಮುಡಿಪಿಟ್ಟ ವಿದ್ವಾಂಸರು ಅಮೆರಿಕದಲ್ಲಿದ್ದಾರೆ. ವಿಲಿಯಂ ರೂಗರ್, ಜೇಸನ್ ಸೋರೆನ್ಸ್ ಎಂಬಿಬ್ಬರು 2009ರಲ್ಲಿ ಮೊದಲು ಪ್ರಕಟಿಸಿದ, ಈಚಿನ ವರ್ಷಗಳಲ್ಲಿ ಕೇಟೋ ಸಂಸ್ಥೆಯು ಹೊರತರುತ್ತಿರುವ ಗ್ರಂಥದಲ್ಲಿ, ಅಲ್ಲಿಯ ಐವತ್ತು ರಾಜ್ಯಗಳೂ ತೆರಿಗೆಯ ಭಾರ, ವ್ಯಾಪಾರೋದ್ಯಮಗಳ ಮೇಲಣ ಕಟ್ಟಳೆ, ಕಸುಬು ಕೈಕೊಳ್ಳಲು ಬೇಕಾದ ಪರವಾನಗಿ, ವಿವಾಹ, ಮದ್ಯ, ಜೂಜು, ಆಯುಧ, ಸೆರೆಮನೆ ಮೊದಲಾದ ಅನೇಕಾನೇಕ ಬಾಬುಗಳಲ್ಲಿ ಪರೀಕ್ಷೆಗೊಳಗಾಗಿ, ಆರ್ಥಿಕ ಸ್ವಾತಂತ್ರ್ಯಕ್ಕೆ ಇಷ್ಟು, ವೈಯಕ್ತಿಕ ಸ್ವಾತಂತ್ರ್ಯಕ್ಕೆ ಇಷ್ಟು ಎಂದು ಅಂಕ ಪಡೆದು ಸಾಲಾಗಿ ನಿಂತಿವೆ. ಸಂಬಳದ ಮೇಲೆ ವರಮಾನ ತೆರಿಗೆಯನ್ನಾಗಲಿ ಸಾಮಾನ್ಯ ಮಾರಾಟ ತೆರಿಗೆಯನ್ನಾಗಲಿ ವಿಧಿಸದ, ವಯಸ್ಕನು ಕಾರಿನಲ್ಲಿ ಕುಳಿತಾಗ ಸೀಟ್‌ಬೆಲ್ಟ್ ಕಟ್ಟಿಕೊಳ್ಳಲೇಬೇಕೆಂದು ಬಲವಂತಪಡಿಸದ ನ್ಯೂ ಹ್ಯಾಂಪ್‌ಷೈರ್ ಆ ಸಾಲಿನ ಮುಂದೆಯೂ, ನ್ಯೂಯಾರ್ಕ್ ಕೊನೆಯಲ್ಲಿಯೂ ಇರುವುದು ವಾಡಿಕೆ.

ನಮ್ಮ ದೇಶದಲ್ಲಿಯೂ ಇಂಥ ಪ್ರಯತ್ನ ನಡೆದಿದೆ. ಅರ್ಥಶಾಸ್ತ್ರಜ್ಞ ಬಿಬೇಕ್ ದೇಬ್ರಾಯ್ ಮತ್ತು ಅವರ ಸಹಲೇಖಕರು ಭಾರತದ ರಾಜ್ಯಗಳ ಆರ್ಥಿಕ ಸ್ವಾತಂತ್ರ್ಯವನ್ನು ಅಳೆದು ಪ್ರಕಟಿಸುತ್ತಿದ್ದ ವರದಿಗಳ ಪೈಕಿ 2013ರದರಲ್ಲಿ ಗುಜರಾತಿಗೆ ಪ್ರಥಮ ಸ್ಥಾನ ದೊರಕಿತ್ತು. ಆದರೆ ಅದೇ ಗುಜರಾತಿನಲ್ಲಿ, 1960ರಲ್ಲಿ ಅದು ಪ್ರತ್ಯೇಕ ರಾಜ್ಯವಾದಂದಿನಿಂದಲೂ, ಮದ್ಯಪಾನ ನಿಷಿದ್ಧ. ಕಾರ್ಖಾನೆಯನ್ನು ತೆರೆಯಲು ಎಲ್ಲರಿಗಿಂತ ಹೆಚ್ಚು ಸ್ವತಂತ್ರನೆನಿಸಿದವನು ಸಂಜೆ ತನ್ನ ಮನೆಯಲ್ಲಿ ಏನು ಕುಡಿಯಬೇಕೆಂಬ ವಿಷಯದಲ್ಲಿ ಸ್ವತಂತ್ರನಲ್ಲ. ಮದ್ಯದ ಪರವಾಗಿ ನಾನು ಈ ಮಾತನ್ನು ಹೇಳುತ್ತಿಲ್ಲ. ಎರಡು ಸ್ವಾತಂತ್ರ್ಯಗಳು ಜೊತೆಜೊತೆಯಾಗಿಯೇ ಬೆಳೆಯುತ್ತವೆಂಬ ನಂಬಿಕೆ ಎಷ್ಟು ದುರ್ಬಲವೆಂಬುದನ್ನು ತೋರಿಸಲು ಹೇಳುತ್ತಿದ್ದೇನೆ.

ಕನ್ನಡಿಗರಿಗಂತೂ ರಾಜ್ಯರಾಜ್ಯಗಳ ಈ ತುಲನೆ ಪುಸ್ತಕದಿಂದ ಬಂದ ವಿದ್ಯೆಯಲ್ಲ, ಬಾಳಿ ಅರಿತ ಅನುಭವ. 1956ರ ನವೆಂಬರ್ 1ರ ವರೆಗೆ ಒಂದೇ ಭಾಷೆಯ ಜನ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳಲ್ಲಿ ಹಂಚಿಹೋಗಿದ್ದಾಗ, ಧಾರವಾಡದವನಿಗೆ 1949ರ ಮುಂಬಯಿ ಪಾನನಿರೋಧ ಶಾಸನವೂ, ಮಂಗಳೂರಿನವನಿಗೆ ಮದರಾಸು ಪ್ರಾಂತ್ಯವು 1948ರಲ್ಲಿ ಪೂರ್ಣವಾಗಿ ಜಾರಿಗೆ ತಂದ ನಿಷೇಧವೂ ಅನ್ವಯಿಸುತ್ತಿದ್ದುವು. ಗೇಣಿದಾರನ ಹಕ್ಕಿಗೆ ಮುಂಬಯಿಯಲ್ಲಿ 1948ರ ಕಾಯಿದೆಯಿದ್ದರೆ ಹೈದರಾಬಾದಿನಲ್ಲಿ 1950ರ ಬೇರೊಂದು ಕಾಯಿದೆಯಿದ್ದಿತು. ಒಂದೇ ಮನೆತನದ ಅಣ್ಣತಮ್ಮಂದಿರಲ್ಲಿ ತುಂಗಭದ್ರೆಯ ಈಚೆಯವನಿಗೆ ಇದ್ದ ಅಧಿಕಾರ ಆಚೆಯವನಿಗೆ ಇಲ್ಲದೆ, ಆಚೆಯವನಿಗೆ ಇದ್ದ ನಿರ್ಬಂಧ ಈಚೆಯವನಿಗೆ ಇಲ್ಲದೆ ಇದ್ದುದನ್ನು ನಮ್ಮ ಹಿರಿಯರು ಕಂಡವರು. ಏಕೀಕರಣವಾದ ಮೇಲೂ ಆ ಅಂತರಗಳು ಒಡನೆಯೇ ಅಳಿಯಲಿಲ್ಲ. ಮೇರೆಗಳೂ ಎಲ್ಲ ಕಡೆ ಅಳಿಯಲಿಲ್ಲ. ಕೇರಳಕ್ಕೆ ಸೇರಿಹೋದ ಕಾಸರಗೋಡಿನ ಕನ್ನಡಿಗನಿಗೂ ಮಂಗಳೂರಿನಲ್ಲಿರುವ ಅವನ ಬಂಧುವಿಗೂ ನಡುವೆ ತಲಪಾಡಿಯ ಗಡಿ ಇಂದಿಗೂ ಇದೆ. ಕರ್ನಾಟಕದ 2020ರ ಗೋಹತ್ಯಾ ನಿಷೇಧ ಕಾಯಿದೆ ಆ ಗಡಿಯ ಈಚೆಗೆ ಉಂಟು, ಆಚೆಗೆ ಇಲ್ಲ.

ಸರ್ಕಾರದ ಕೈಯನ್ನು ಸಂಶಯದಿಂದ ನೋಡುವವರ ಪಕ್ಷದಲ್ಲಿ ಇತಿಹಾಸದ ಸಾಕ್ಷ್ಯ ಅಲ್ಪವೇನಲ್ಲ. 1958ರಲ್ಲಿ ವಾಷಿಂಗ್ಟನ್ ನಗರದಲ್ಲಿ ಮದುವೆಯಾಗಿ ವರ್ಜೀನಿಯದ ತಮ್ಮ ಊರಿಗೆ ಮರಳಿದ ರಿಚರ್ಡ್ ಲವಿಂಗ್, ಮಿಲ್‌ಡ್ರೆಡ್ ಎಂಬ ದಂಪತಿಗಳನ್ನು, ಒಬ್ಬರು ಬಿಳಿಯರು ಮತ್ತೊಬ್ಬರು ಅಲ್ಲ ಎಂಬುದೊಂದೇ ಅಪರಾಧಕ್ಕಾಗಿ, ರಾತ್ರಿ ಮಲಗುವ ಕೋಣೆಯಿಂದಲೇ ಹಿಡಿದೊಯ್ದವರು ರಾಜ್ಯದ ಅಧಿಕಾರಿಗಳು. 1967ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಅಂಥ ಶಾಸನಗಳನ್ನು ರದ್ದುಗೊಳಿಸುವವರೆಗೆ ಹದಿನಾರು ರಾಜ್ಯಗಳಲ್ಲಿ ಅವು ಉಳಿದುಕೊಂಡಿದ್ದುವು. ಇದನ್ನು ಓದುವ ಕನ್ನಡಿಗನಿಗೆ ಹನ್ನೆರಡನೆಯ ಶತಮಾನದ ಕಲ್ಯಾಣ ನೆನಪಿಗೆ ಬಾರದಿರದು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದ ಮಧುವರಸರ ಮಗಳಿಗೂ ಆದ ವಿವಾಹಕ್ಕಾಗಿ, ಆ ತಂದೆಯರಿಗೆ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆಯ ಶಿಕ್ಷೆಯನ್ನು ವಿಧಿಸಿದ್ದು ಬಿಜ್ಜಳನ ರಾಜಸತ್ತೆಯೆಂದು ಶರಣರ ಚರಿತ್ರೆಗಳು ಹೇಳುತ್ತವೆ. ಅಷ್ಟು ಹಿಂದಕ್ಕೆ ಹೋಗಬೇಕೆಂದೂ ಇಲ್ಲ. 2020ರ ಮಾರ್ಚಿನಲ್ಲಿ ಸೋಂಕಿನ ಭಯದಿಂದ ನಮ್ಮ ರಾಜ್ಯವು ಕಾಸರಗೋಡಿನ ಕಡೆಯ ರಸ್ತೆಗಳನ್ನು ಮುಚ್ಚಿ, ಕೆಲವೆಡೆ ಮಣ್ಣನ್ನೇ ಸುರಿದು ಅಡ್ಡಗಟ್ಟಿದಾಗ, ತಲೆಮಾರುಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿಕೊಂಡಿದ್ದ ಆ ಕಡೆಯ ರೋಗಿಗಳು ಗಡಿಯಿಂದ ಹಿಂದಿರುಗಬೇಕಾಯಿತು. ಕೆಲವರು ಚಿಕಿತ್ಸೆ ಸಿಕ್ಕದೆ ಪ್ರಾಣ ಬಿಟ್ಟರು. ಭಾರತದಲ್ಲೆಲ್ಲ ನಿರಾತಂಕವಾಗಿ ಸಂಚರಿಸುವ ಹಕ್ಕು ಸಂವಿಧಾನದ 19ನೆಯ ವಿಧಿಯಲ್ಲಿ ಬರೆದಿದೆ. ಆ ದಿನಗಳಲ್ಲಿ ಅದು ತಲಪಾಡಿಯನ್ನು ದಾಟಲಿಲ್ಲ.

ಇಲ್ಲಿಯ ವರೆಗೆ ಆ ಅಮೆರಿಕದ ಪಂಡಿತರೊಡನೆ ನನಗೆ ಭೇದವಿಲ್ಲ. ಭೇದ ಹುಟ್ಟುವುದು, ಮನುಷ್ಯನನ್ನು ಕಟ್ಟಿಹಾಕುವ ಹಗ್ಗ ಸರ್ಕಾರದ ಕೈಯಲ್ಲಿ ಮಾತ್ರ ಇರುತ್ತದೆಂದು ಅವರ ಗಣಿತ ಮೊದಲೇ ಒಪ್ಪಿಕೊಂಡುಬಿಡುವಲ್ಲಿ. ನಮ್ಮ ನಾಡಿನ ಜೀತಗಾರನನ್ನು ಕುರಿತು ಯೋಚಿಸಿರಿ. ಮಗಳ ಮದುವೆಗೋ ಕಾಯಿಲೆಗೋ ಗೌಡರಿಂದ ಸಾಲ ತಂದು, ಪತ್ರಕ್ಕೆ ತಾನೇ ಹೆಬ್ಬೆಟ್ಟೊತ್ತಿ, ಅದು ತೀರುವ ವರೆಗೆ ತನ್ನ ದುಡಿಮೆಯನ್ನೂ ತನ್ನ ಮಗನ ದುಡಿಮೆಯನ್ನೂ ಒಪ್ಪಿಸಿದವನನ್ನು ಯಾವ ಸರ್ಕಾರವೂ ಕಟ್ಟಿಹಾಕಿರಲಿಲ್ಲ. ಇಬ್ಬರು ವಯಸ್ಕರು ಸ್ವಸಮ್ಮತಿಯಿಂದ ಮಾಡಿಕೊಂಡ ಕರಾರು ಅದು. 1976ರ ಜೀತಪದ್ಧತಿ ರದ್ದಿಯಾತಿ ಕಾಯಿದೆಯು ಅಂಥ ಕರಾರುಗಳನ್ನು ಹರಿದೆಸೆದಾಗ, ಕರಾರಿನ ಸ್ವಾತಂತ್ರ್ಯವನ್ನು ಲೆಕ್ಕ ಹಾಕುವವನು ಅದನ್ನು ಖರ್ಚಿನ ಕಡೆಗೆ ಬರೆಯಬೇಕಾಗುತ್ತದೆ. ಹಾಗೆಯೇ 1974ರ ಮಾರ್ಚ್ 1ರಂದು, ದೇವರಾಜ ಅರಸರ ಕಾಲದಲ್ಲಿ, ಗೇಣಿಯ ಭೂಮಿಯೆಲ್ಲ ಸರ್ಕಾರದಲ್ಲಿ ನಿಹಿತವಾಗಿ, ಉಳುವವರು ನಮೂನೆ 7ರಲ್ಲಿ ಅರ್ಜಿ ಬರೆದುಕೊಟ್ಟು ಭೂನ್ಯಾಯ ಮಂಡಳಿಗಳ ಮುಂದೆ ನಿಂತದ್ದು, ಒಡೆಯನ ಆಸ್ತಿಸ್ವಾತಂತ್ರ್ಯಕ್ಕೆ ಬಿದ್ದ ಪೆಟ್ಟೆಂಬುದು ನಿಜ. ಕರಾವಳಿಯಲ್ಲಿ ಗೇಣಿಯ ಅಕ್ಕಿಯನ್ನೇ ನೆಚ್ಚಿದ್ದ ಎಷ್ಟೋ ಮನೆಗಳು ಅದರಿಂದ ಬಡವಾದುವೆಂಬುದೂ ನಿಜ. ಅವರ ದುಃಖವನ್ನು ಹಗುರವಾಗಿ ಎಣಿಸಲಾರೆ. ಆದರೆ ಅಲ್ಲಿಯ ವರೆಗೆ ಒಡೆಯನ ಅಂಗಳದ ಅಂಚಿನಲ್ಲಿ ಸೊಂಟ ಬಗ್ಗಿಸಿ ನಿಲ್ಲುತ್ತಿದ್ದವನು ಅಂದಿನಿಂದ ಬೆನ್ನು ನೆಟ್ಟಗೆ ಮಾಡಿದ್ದನ್ನು ಯಾವ ಕೋಷ್ಟಕದ ಯಾವ ಅಂಕಣದಲ್ಲಿ ಬರೆಯುವುದು?

ನಾನು ವಾಸಿಸುವ ಸುಬ್ರಹ್ಮಣ್ಯಪುರದ ಮಣ್ಣಿನಲ್ಲಿಯೇ ಈ ಪ್ರಶ್ನೆ ಮತ್ತೊಂದು ರೂಪದಲ್ಲಿ ಹುದುಗಿದೆ. ಉತ್ತರಹಳ್ಳಿ, ವಸಂತಪುರ, ಕೋಣನಕುಂಟೆಗಳಂತೆ ಇದೂ ಬೆಂಗಳೂರು ದಕ್ಷಿಣ ತಾಲ್ಲೂಕಿನ ಹಳ್ಳಿಯಾಗಿದ್ದು, ರಾಗಿಯ ಹೊಲಗಳು ಸೈಟುಗಳಾಗಿ, ಸೈಟುಗಳು ಮೂರಂತಸ್ತಿನ ಮನೆಗಳಾಗಿ ನಗರದೊಳಗೆ ಬೆರೆತುಹೋಗಿದೆ. ಹೀಗೆ ಭೂಮಿಗೆ ಚಿನ್ನದ ಬೆಲೆ ಬಂದ ಬೆಂಗಳೂರಿನ ಸುತ್ತಣ ಸೀಮೆಯಲ್ಲಿ, ಸರ್ಕಾರ ಪರಿಶಿಷ್ಟ ಜಾತಿಯವರಿಗೆ ಮಂಜೂರು ಮಾಡಿದ್ದ ಎಕರೆ ಎರಡೆಕರೆ ಭೂಮಿಯನ್ನು ಕೊಳ್ಳಲು ಹೋದವನಿಗೆ ಎದುರಾಗುವುದು 1978ರ ಕಾಯಿದೆ. ಜನರ ಬಾಯಲ್ಲಿ ಅದು ಪಿಟಿಸಿಎಲ್. ಸರ್ಕಾರದ ಪೂರ್ವಾನುಮತಿಯಿಲ್ಲದೆ ಅಂಥ ಭೂಮಿಯನ್ನು ಮಾರುವಂತಿಲ್ಲ. ಮಾರಿದರೆ ಆ ಕ್ರಯವೇ ಅಸಿಂಧು, ಭೂಮಿ ಮಂಜೂರಿದಾರನಿಗೋ ಅವನ ವಾರಸುದಾರರಿಗೋ ಹಿಂದಿರುಗತಕ್ಕದ್ದು. ಆಸ್ತಿಯೆಂದರೆ ಮಾರುವ ಅಧಿಕಾರವೇ ಎನ್ನುವವನಿಗೆ ಇದು ಬಡವನ ಕೈಯನ್ನೇ ಕಟ್ಟುವ ಅನ್ಯಾಯವಾಗಿ ತೋರುತ್ತದೆ. ಅವನ ವಾದದಲ್ಲಿ ಹುರುಳಿಲ್ಲವೆಂದು ಹೇಳಲಾರೆ, ಏಕೆಂದರೆ ಮಗನ ಓದಿಗೆ ಹಣ ಬೇಕಾದ ತಂದೆಗೆ ಆ ನಿರ್ಬಂಧ ನಿರ್ಬಂಧವೇ. ಆದರೆ ಹಸಿವಿನ ಎದುರು ಕುಳಿತವನ ಮುಂದೆ ನೋಟಿನ ಕಟ್ಟನ್ನಿಟ್ಟು ಪಡೆದ ಸಹಿಯನ್ನು ಸ್ವತಂತ್ರ ಮನುಷ್ಯನ ಸಹಿಯೆಂದು ಹೇಳಲು ನನ್ನ ನಾಲಗೆ ಏಳದು.

ಹಾಗಾದರೆ ಸ್ವತಂತ್ರನಾರು? ಈ ಪ್ರಶ್ನೆಗೆ ನಮ್ಮ ನಾಡಿನಲ್ಲಿ ದೊರೆತ ಅತ್ಯಂತ ದಿಟ್ಟ ಉತ್ತರ ಉಡುಪಿಯದು. ಹದಿಮೂರನೆಯ ಶತಮಾನದ ಮಧ್ವಾಚಾರ್ಯರು ತತ್ತ್ವಸಂಖ್ಯಾನದಲ್ಲಿ ಇರುವುದನ್ನೆಲ್ಲ ಸ್ವತಂತ್ರ, ಅಸ್ವತಂತ್ರ ಎಂದು ಎರಡೇ ರಾಶಿಗಳಾಗಿ ವಿಭಾಗಿಸಿ, ಮೊದಲನೆಯ ರಾಶಿಯಲ್ಲಿ ಶ್ರೀಹರಿಯೊಬ್ಬನನ್ನೇ ನಿಲ್ಲಿಸಿದರು. ಬ್ರಹ್ಮಾದಿ ದೇವತೆಗಳಿಂದ ಹಿಡಿದು ಹುಲ್ಲುಕಡ್ಡಿಯ ವರೆಗೆ ಉಳಿದುದೆಲ್ಲವೂ ಅವನ ಅಧೀನ. ಮೇಲ್ನೋಟಕ್ಕೆ ಇದು ಮಾನವ ಸ್ವಾತಂತ್ರ್ಯದ ನಿರಾಕರಣೆಯಂತೆ ಕಾಣುತ್ತದೆ. ಎಷ್ಟೋ ಕಾಲ ಈ ಸಿದ್ಧಾಂತವನ್ನು ಮನನ ಮಾಡಿದ ಮೇಲೆ ನನಗೆ ಅದರಲ್ಲಿ ಬೇರೊಂದು ಬೆಳಕು ಕಂಡಿದೆ: ಒಡೆತನವೆಂಬುದು ಒಬ್ಬನಿಗೇ ಮೀಸಲಾಗಿದ್ದರೆ, ಅಧೀನನಾದ ಒಬ್ಬ ಜೀವ ಅಷ್ಟೇ ಅಧೀನನಾದ ಮತ್ತೊಬ್ಬ ಜೀವದ ಮೇಲೆ ಒಡೆತನವನ್ನು ಸ್ಥಾಪಿಸುವುದು ಪರರ ಸೊತ್ತಿನ ಅಪಹರಣವಾಗಬೇಕಷ್ಟೆ. ಇದು ಆಚಾರ್ಯರ ಮಾತಲ್ಲ. ಜೀವರಲ್ಲಿ ತಾರತಮ್ಯವನ್ನು ಹೇಳಿದ ಅವರು ಇದನ್ನು ಒಪ್ಪುತ್ತಿದ್ದರೋ ಇಲ್ಲವೋ ಎಂಬ ಚರ್ಚೆಯನ್ನು ಪಂಡಿತರಿಗೆ ಬಿಡುತ್ತೇನೆ. ಅದ್ವೈತಿಯು ಆತ್ಮವು ನಿತ್ಯಮುಕ್ತವೆಂದು ಹೇಳಿ ಬೇರೊಂದು ಮಾರ್ಗವನ್ನು ತೋರುತ್ತಾನೆ. ಅದು ಸತ್ಯವೇ ಇರಬಹುದು; ಆದರೆ ಆ ಸತ್ಯವನ್ನು ಜೀತದಾಳಿನ ಮುಂದೆ ಅವನ ಧಣಿಯೇ ಬೋಧಿಸಿದರೆ ಅದರಷ್ಟು ಕ್ರೂರವಾದ ಉಪದೇಶ ಇನ್ನೊಂದಿಲ್ಲ.

ಕಲ್ಯಾಣದ ಶರಣರು ಇದೇ ಸಮಸ್ಯೆಯನ್ನು ದುಡಿಮೆಯ ಕಡೆಯಿಂದ ಹಿಡಿದರು. ಕಾಯಕವೆಲ್ಲವೂ ಪೂಜೆಯಾದ ಮೇಲೆ ಚಮ್ಮಾರಿಕೆಗೂ ಮಂತ್ರಿತನಕ್ಕೂ ಮೇಲುಕೀಳಿಲ್ಲ. ಇದಕ್ಕಿಂತ ದೊಡ್ಡ ಆರ್ಥಿಕ ಸ್ವಾತಂತ್ರ್ಯವನ್ನು ಯಾವ ಶಾಸನ ಸಭೆಯೂ ಘೋಷಿಸಿಲ್ಲ. ಅದರೊಡನೆಯೇ ಅವರು ಅದಕ್ಕೊಂದು ಮಿತಿಯನ್ನೂ ಇಟ್ಟರು, ಆದರೆ ಆ ಮಿತಿಯನ್ನು ಅರಸನ ಕೈಯಲ್ಲಿ ಇಡಲಿಲ್ಲ. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಆ ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿ ಕಳುಹಿಸಿದ ಕಥೆ ಎಲ್ಲರಿಗೂ ತಿಳಿದದ್ದೆ. ಮಾರಯ್ಯನಿಗೆ ಆ ಅಕ್ಕಿಯನ್ನು ಇಟ್ಟುಕೊಳ್ಳಲು ಯಾವ ಅಡ್ಡಿಯೂ ಇರಲಿಲ್ಲ. ಅಡ್ಡಿಯಿಲ್ಲದಿರುವಲ್ಲಿ ತಾನೇ ನಿಲ್ಲಬಲ್ಲ ಶಕ್ತಿಯನ್ನು ಲಕ್ಕಮ್ಮ ತನ್ನ ಮನೆಯೊಳಗೆ ತೋರಿದಳು. ಆ ಶಕ್ತಿಯಿಲ್ಲದ ಸಮಾಜದಲ್ಲಿ ಮಾತ್ರ ಸರ್ಕಾರಗಳು ಕಾಯಿದೆಯ ಮೇಲೆ ಕಾಯಿದೆಯನ್ನು ಮಾಡಬೇಕಾಗಿ ಬರುತ್ತದೆ.

ಈ ಮಾತು ನಮ್ಮ ಬಡಾವಣೆಗಳಿಗೆ ಎಷ್ಟು ಹತ್ತಿರವಾದದ್ದೆಂಬುದನ್ನು ಬನಶಂಕರಿಯಿಂದ ಸುಬ್ರಹ್ಮಣ್ಯಪುರದ ವರೆಗೆ ಗೇಟುಗಳಿಗೆ ತೂಗುಹಾಕಿರುವ ಟು-ಲೆಟ್ ಬೋರ್ಡುಗಳನ್ನು ನೋಡಿದವರು ಬಲ್ಲರು. ಎರಡು ರೂಮು, ಬೋರ್‌ವೆಲ್ ನೀರು, ಕಾವೇರಿ ನೀರು ಎಂಬ ವಿವರಗಳ ಕೆಳಗೆ ಎಷ್ಟೋ ಬೋರ್ಡುಗಳಲ್ಲಿ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಸಾಲೊಂದು ಇರುತ್ತದೆ. ಮನೆ ಕೇಳಲು ಬಂದ ಗಂಡಹೆಂಡಿರು ಕೂಸನ್ನು ಎತ್ತಿಕೊಂಡು ಮೆಟ್ಟಿಲ ಬಳಿ ನಿಂತಿರುವಾಗ, ಮಾಲೀಕರು ಕೆಲಸ ಎಲ್ಲಿ, ಸಂಬಳ ಎಷ್ಟು ಎಂದು ವಿಚಾರಿಸಿ, ಹತ್ತು ತಿಂಗಳ ಅಡ್ವಾನ್ಸಿಗೆ ಅವರು ಒಪ್ಪಿದ ಮೇಲೂ, ಸ್ವಲ್ಪ ತಡೆದು, ‘ನೀವು ಯಾವ ಪೈಕಿ?’ ಎಂದು ಕೇಳುತ್ತಾರೆ. ಉತ್ತರ ಬಂದ ಮೇಲೆ, ಮನೆಯವರನ್ನು ಕೇಳಿ ನಾಳೆ ಫೋನ್ ಮಾಡುತ್ತೇವೆಂಬ ಮಾತು ಬರುತ್ತದೆ. ಆ ಫೋನು ಬರುವುದಿಲ್ಲ.

ಇಲ್ಲಿ ಬಾಡಿಗೆಯವರನ್ನು ತಡೆದದ್ದು ಸರ್ಕಾರವಲ್ಲ. ಅಸ್ಪೃಶ್ಯತೆಯ ಕಾರಣದಿಂದ ವಾಸದ ಮನೆಗೆ ಅಡ್ಡಿಪಡಿಸುವುದು 1955ರಿಂದಲೂ ಶಿಕ್ಷಾರ್ಹ. ಆದರೆ ಊಟದ ಹೆಸರಿನಲ್ಲಿ ಕೇಳಿದ ಜಾತಿಯನ್ನು ಯಾವ ನ್ಯಾಯಾಧೀಶರ ಮುಂದೆ ರುಜುವಾತು ಮಾಡುವುದು? ಮನೆ ನನ್ನದು, ಯಾರಿಗೆ ಕೊಡಬೇಕೆಂಬುದು ನನ್ನ ಇಷ್ಟ ಎಂಬುದು ಮಾಲೀಕನ ಆರ್ಥಿಕ ಸ್ವಾತಂತ್ರ್ಯ. ತನ್ನ ಅಡುಗೆಮನೆಯಲ್ಲಿ ತನಗೆ ರೂಢಿಯಾದುದನ್ನು ಬೇಯಿಸಿ ಉಣ್ಣುವುದು, ಜಾತಿಯನ್ನು ಹೇಳದೆ ತಲೆಯೆತ್ತಿ ಬಾಳುವುದು ಬಾಡಿಗೆಯವನ ವೈಯಕ್ತಿಕ ಸ್ವಾತಂತ್ರ್ಯ. ಎರಡೂ ಒಂದೇ ಮೆಟ್ಟಿಲ ಮೇಲೆ ಎದುರುಬದುರಾಗಿ ನಿಂತಾಗ, ಅಂಕ ಕೊಡುವ ಪಂಡಿತನು ಮಾಲೀಕನ ಪರವಾಗಿ ಒಂದು ಗೆರೆ ಎಳೆದು ಮುಂದೆ ಹೋಗುತ್ತಾನೆ, ಬಾಗಿಲಿನಿಂದ ಹಿಂದಿರುಗಿದವರ ಕಡೆಯ ಅಂಕಣ ಖಾಲಿಯಾಗಿಯೇ ಉಳಿಯುತ್ತದೆ. ಮಾಲೀಕನಿಗೆ ಬೇರೆ ಬಾಡಿಗೆಯವರು ನಾಳೆಯೇ ಸಿಕ್ಕಾರು. ಹಿಂದಿರುಗಿದವರಿಗೆ ಮುಂದಿನ ಬೀದಿಯಲ್ಲಿಯೂ ಅದೇ ಪ್ರಶ್ನೆ ಕಾದಿರುತ್ತದೆ. ಒಂದು ರಾಜ್ಯ ಎಷ್ಟು ಸ್ವತಂತ್ರವೆಂಬುದನ್ನು ನಿರ್ಣಯಿಸಬೇಕಾದವರು, ಬೇರೆ ಬಾಗಿಲು ಇಲ್ಲದವನ ಬಳಿಗೆ ಹೋಗಿ ಕೇಳತಕ್ಕದ್ದು ಎಂಬುದೇ ನನ್ನ ಅಭಿಪ್ರಾಯ.

ಇದಕ್ಕೊಂದು ಕಾಯಿದೆ ಬೇಕೆ ಎಂದು ಕೇಳಿದರೆ, ಬೇಕು ಎಂದೇ ಹೇಳುವೆನು. ಆದರೆ ಅದು ಬರುವ ವರೆಗೆ ಕಾಯಬೇಕಾದ ಅಗತ್ಯ ಮನೆಯ ಯಜಮಾನರಾದ ನಮಗಿಲ್ಲ. ಹರಿದಿನದಂದು ಉಪವಾಸವಿರುವವರು, ಬಸವಜಯಂತಿಯಂದು ಪಾನಕ ಹಂಚುವವರು, ದಿನಬೆಳಗಾದರೆ ಗೀತೆಯನ್ನು ಪಾರಾಯಣ ಮಾಡುವವರು ಈ ಬೀದಿಗಳಲ್ಲಿ ಬೇಕಾದಷ್ಟು ಜನರಿದ್ದಾರೆ. ನನ್ನ ಬಿನ್ನಹ ಅವರಿಗೆ. ಮುಂದಿನ ಸಲ ನಿಮ್ಮ ಮನೆ ಖಾಲಿಯಾದಾಗ ಬೋರ್ಡಿನ ಆ ಕೊನೆಯ ಸಾಲನ್ನು ಬರೆಸಬೇಡಿರಿ. ಬಂದವರನ್ನು ಬಾಡಿಗೆಯ ವಿಷಯ, ನೀರಿನ ವಿಷಯ ಎಲ್ಲ ಕೇಳಿ, ಅವರು ಯಾವ ಪೈಕಿಯೆಂದು ಮಾತ್ರ ಕೇಳದೆ ಬೀಗದ ಕೈ ಕೊಡಿರಿ.