ಗೋಡೆಯೊಳಗಿನ ಪ್ರಾರ್ಥನೆ: ವಾಲ್ಪರೈಸೊ ಬಂದರಿನಲ್ಲಿ ಧರ್ಮಸಹನೆಯ ಪ್ರಶ್ನೆ

ವಾಲ್ಪರೈಸೊ ಚಿಲಿ ದೇಶದ ಹಳೆಯ ಬಂದರು ನಗರ. ಪೆಸಿಫಿಕ್ ಸಾಗರದ ಅಂಚಿಗೆ ಕಿರಿದಾದ ಒಂದು ಪಟ್ಟಿಯಷ್ಟೇ ಸಮತಟ್ಟು ನೆಲ, ಅದರ ಬೆನ್ನಿಗೇ ನಲವತ್ತಕ್ಕೂ ಹೆಚ್ಚು ಗುಡ್ಡಗಳು. 2003ರಲ್ಲಿ ಯುನೆಸ್ಕೊ ಈ ನಗರದ ಹಳೆಯ ಭಾಗವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರವಾಸಿಗರು ಬಣ್ಣಬಣ್ಣದ ಮನೆಗಳನ್ನೂ, 1883ರಿಂದ ಗುಡ್ಡ ಹತ್ತಿಸುತ್ತಿರುವ ಹಳಿಬಂಡಿಗಳನ್ನೂ ನೋಡಲು ಬರುತ್ತಾರೆ. ಆದರೆ ಅದೇ ಗುಡ್ಡಗಳ ಮೇಲಿರುವ ಕೆಲವು ಗೋರಿಗಳು ಮತ್ತು ಎರಡು ಇಗರ್ಜಿಗಳು ಹತ್ತೊಂಬತ್ತನೆಯ ಶತಮಾನದ ಒಂದು ಗಂಭೀರ ವಿವಾದದ ಸಾಕ್ಷಿಗಳು. ಒಂದೇ ಧರ್ಮ ಸತ್ಯವೆಂದು ನಂಬಿದ ಸಮಾಜ, ಬೇರೆ ನಂಬಿಕೆಯವರಿಗೆ ತನ್ನ ನಡುವೆ ಎಷ್ಟು ಜಾಗ ಬಿಡಬೇಕು ಎಂಬುದು ಆ ವಿವಾದದ ತಿರುಳು.

ಸ್ಪೇನಿನ ಆಳ್ವಿಕೆಯಲ್ಲಿ ಈ ಪ್ರಶ್ನೆ ಏಳುವಂತಿರಲಿಲ್ಲ. ಹೊರದೇಶದವರ ವ್ಯಾಪಾರಕ್ಕೆ ಬಂದರು ಮುಚ್ಚಿತ್ತು, ಕ್ಯಾಥೊಲಿಕರಲ್ಲದವರಿಗೆ ನೆಲೆಸುವ ಹಕ್ಕಿರಲಿಲ್ಲ. ಚಿಲಿ ಸ್ವತಂತ್ರವಾಗುವ ಹೊತ್ತಿಗೆ ಕೇಪ್ ಹಾರ್ನ್ ಬಳಸಿ ಬರುವ ಹಡಗುಗಳಿಗೆಲ್ಲ ವಾಲ್ಪರೈಸೊ ತಂಗುದಾಣವಾಯಿತು. ಇಂಗ್ಲಿಷರು, ಜರ್ಮನ್ನರು, ಫ್ರೆಂಚರು, ಇಟಾಲಿಯನ್ನರು ಬಂದಿಳಿದರು. ಅಂಗಡಿ, ಬ್ಯಾಂಕು, ಶಾಲೆ, ಪತ್ರಿಕೆಗಳನ್ನು ಕಟ್ಟಿದರು. ಇಟಾಲಿಯನ್ನರೂ ಫ್ರೆಂಚರೂ ಬಹುಪಾಲು ಕ್ಯಾಥೊಲಿಕರಾದ್ದರಿಂದ ಊರಿನ ಇಗರ್ಜಿಗಳೇ ಅವರಿಗೂ ಆದವು. ತೊಡಕು ಎದುರಾದದ್ದು ಪ್ರೊಟೆಸ್ಟೆಂಟರಿಗೆ, ಅದರಲ್ಲೂ ಮೊದಲಿಗೆ ಅವರಲ್ಲಿ ಸತ್ತವರಿಗೆ.

ಕ್ಯಾಥೊಲಿಕ್ ನಂಬಿಕೆಯಲ್ಲಿ ಸ್ಮಶಾನ ಬರಿಯ ಮಣ್ಣಲ್ಲ. ಬಿಷಪರು ಮಂತ್ರಿಸಿ ಪವಿತ್ರಗೊಳಿಸಿದ ನೆಲ ಅದು. ಪುನರುತ್ಥಾನವನ್ನು ಎದುರುನೋಡುತ್ತ ವಿಶ್ವಾಸಿಗಳು ಒಟ್ಟಿಗೆ ಮಲಗುವ ಜಾಗ. ಸಭೆಯ ಹೊರಗಿನವನನ್ನು ಅಲ್ಲಿ ಹೂಳಿದರೆ ನೆಲ ಮೈಲಿಗೆಯಾಗುತ್ತದೆ ಎಂಬುದು ಹಗೆತನದ ಮಾತಾಗಿರಲಿಲ್ಲ, ಆ ನಂಬಿಕೆಯ ಒಳಗಿಂದಲೇ ಹುಟ್ಟಿದ ತರ್ಕವಾಗಿತ್ತು. ಆದರೆ ಹಡಗಿನಲ್ಲಿ ಜ್ವರ ಬಂದು ಸತ್ತ ನಾವಿಕನ ಹೆಣಕ್ಕೂ ಒಂದು ಗುಂಡಿ ಬೇಕು. ಪತಿಯ ಶವದೊಂದಿಗೆ 1822ರಲ್ಲಿ ಈ ಬಂದರಿಗೆ ಬಂದಿಳಿದ ಇಂಗ್ಲಿಷ್ ಲೇಖಕಿ ಮರಿಯಾ ಗ್ರಹಾಂ ಅದೇ ಅಗತ್ಯವನ್ನು ಎದುರಿಸಿದಳು. ಯುದ್ಧನೌಕೆಯ ಕಪ್ತಾನನಾಗಿದ್ದ ಆತ ಕೇಪ್ ಹಾರ್ನ್ ಬಳಿ ತೀರಿಹೋಗಿದ್ದ. ಭಿನ್ನಮತೀಯರು ತಮ್ಮದೇ ಸ್ಮಶಾನ ಮಾಡಿಕೊಳ್ಳಬಹುದೆಂದು ಚಿಲಿಯ ಅಂದಿನ ಮುಖ್ಯಸ್ಥ ಬೆರ್ನಾರ್ದೊ ಓಹಿಗ್ಗಿನ್ಸ್ ಸರ್ಕಾರ 1819ರಲ್ಲೇ ಅಪ್ಪಣೆ ಕೊಟ್ಟಿದ್ದರೂ ವಾಲ್ಪರೈಸೊದಲ್ಲಿ ಅದು ಕೈಗೂಡಿದ್ದು 1820ರ ದಶಕದ ನಡುವಿನಲ್ಲಿ. ಪಾಂತೆಯೋನ್ ಗುಡ್ಡದ ಮೇಲೆ ಕ್ಯಾಥೊಲಿಕರ ಸ್ಮಶಾನವೂ ಭಿನ್ನಮತೀಯರದ್ದೂ ಅಕ್ಕಪಕ್ಕದಲ್ಲಿ, ಆದರೆ ಬೇರೆಬೇರೆ ಆವರಣಗಳಲ್ಲಿ ಏರ್ಪಟ್ಟವು. ಇಂದಿಗೂ ಅವು ಹಾಗೆಯೇ ಇವೆ.

ಬದುಕಿದ್ದವರ ಪೂಜೆಯ ವಿಷಯ ಇನ್ನೂ ಬಿಗಿಯಾಗಿತ್ತು. 1833ರ ಸಂವಿಧಾನದ 5ನೆಯ ವಿಧಿ ಕ್ಯಾಥೊಲಿಕ್ ಧರ್ಮವನ್ನು ರಾಷ್ಟ್ರಧರ್ಮವೆಂದು ಸಾರಿ, ಉಳಿದ ಯಾವ ಧರ್ಮದ ಬಹಿರಂಗ ಆಚರಣೆಗೂ ಅವಕಾಶವಿಲ್ಲವೆಂದಿತು. ಹಾಗಾದರೆ ‘ಬಹಿರಂಗ’ ಎಂಬುದು ಎಲ್ಲಿಂದ ಶುರುವಾಗುತ್ತದೆ? ಕಣ್ಣಿಗೆ ಕಂಡಲ್ಲಿಂದಲೇ, ಕಿವಿಗೆ ಬಿದ್ದಲ್ಲಿಂದಲೇ? ವಾಲ್ಪರೈಸೊ ಇದಕ್ಕೆ ಕಟ್ಟಡಗಳ ಮೂಲಕವೇ ಉತ್ತರ ಕೊಟ್ಟಿತು. ಅಮೆರಿಕದ ಯೇಲ್‌ನಲ್ಲಿ ಓದಿದ ಪಾದ್ರಿ ಡೇವಿಡ್ ಟ್ರಂಬಲ್ 1845ರ ಕ್ರಿಸ್‌ಮಸ್ ದಿನ ಇಲ್ಲಿಗೆ ಬಂದರು. 1850ರ ದಶಕದಲ್ಲಿ ಅವರ ಸಭೆ ಇಗರ್ಜಿ ಕಟ್ಟಿದಾಗ ಬೀದಿಗೆ ಕಾಣದಂತೆ ಎತ್ತರದ ಬೇಲಿ ಹಾಕಬೇಕು, ಹೊರಗೆ ಕೇಳದಂತೆ ಮೆಲುದನಿಯಲ್ಲಿ ಹಾಡಬೇಕು ಎಂಬ ಕಟ್ಟುಪಾಡುಗಳು ಬಂದವು. 1858ರಲ್ಲಿ ಆಂಗ್ಲಿಕನ್ನರು ಕನ್ಸೆಪ್ಸಿಯೋನ್ ಗುಡ್ಡದ ಮೇಲೆ ಸೇಂಟ್ ಪಾಲ್ ಇಗರ್ಜಿ ಎಬ್ಬಿಸಿದರು. ರೈಲುದಾರಿಯ ಎಂಜಿನಿಯರ್ ವಿಲಿಯಂ ಲಾಯ್ಡ್ ಅದರ ವಿನ್ಯಾಸಕಾರ. ಅದಕ್ಕೆ ಗೋಪುರವಿಲ್ಲ, ಹೊರಗಿನಿಂದ ನೋಡಿದವರಿಗೆ ಅದೊಂದು ದೊಡ್ಡ ಸಭಾಭವನ ಅನ್ನಿಸಿದರೆ ಆಶ್ಚರ್ಯವಿಲ್ಲ. ದೇವರನ್ನು ಕರೆಯಬಹುದು, ಊರಿಗೆ ಕೇಳಿಸಬಾರದು ಎಂಬ ಷರತ್ತು ಇಟ್ಟಿಗೆ ಮರಗಳಲ್ಲಿ ರೂಪ ಪಡೆದದ್ದು ಹೀಗೆ.

ಇದನ್ನು ಸಹನೆ ಎನ್ನಬಹುದು, ಸ್ವಾತಂತ್ರ್ಯ ಎನ್ನಲಾಗದು. ಸಹಿಸಿಕೊಳ್ಳುವವನ ಕೈಯಲ್ಲಿ ಅಧಿಕಾರ ಉಳಿದೇ ಇರುತ್ತದೆ. ಇಂದು ಬಿಟ್ಟುಕೊಟ್ಟದ್ದನ್ನು ನಾಳೆ ಹಿಂತೆಗೆದುಕೊಳ್ಳಬಲ್ಲ. ಬರಿಯ ಸಹನೆ ತಾತ್ಕಾಲಿಕ ಮನೋಭಾವವಾಗಿರಬೇಕು, ಮನ್ನಣೆಯತ್ತ ಒಯ್ಯದಿದ್ದರೆ ಅದು ಅವಮಾನವೇ ಎಂದು ಜರ್ಮನ್ ಕವಿ ಗಯಟೆ ಕಂಡುಕೊಂಡದ್ದು ಇದೇ ಕಾರಣಕ್ಕೆ. ಆದರೂ ವಲಸಿಗರ ಪರವಾಗಿ ಮಾತಾಡುವಾಗ ಒಂದು ಸಂಗತಿ ಮರೆಯುವಂತಿಲ್ಲ. ಇಂಗ್ಲಿಷರು ವಾಲ್ಪರೈಸೊದಲ್ಲಿ ಗೋರಿಗೆ ಜಾಗ ಹೊಂದಿಸಿಕೊಳ್ಳುತ್ತಿದ್ದ ಕಾಲಕ್ಕೆ ಅವರ ಸ್ವಂತ ನಾಡಿನಲ್ಲಿ ಕ್ಯಾಥೊಲಿಕರು ಸಂಸತ್ತಿನಲ್ಲಿ ಕೂರುವಂತಿರಲಿಲ್ಲ. ಆ ನಿರ್ಬಂಧ ತೊಲಗಿದ್ದು 1829ರಲ್ಲಿ. ಅಲ್ಪಸಂಖ್ಯಾತನಾದಾಗ ಸ್ವಾತಂತ್ರ್ಯ ಕೇಳುವುದು, ಬಹುಸಂಖ್ಯಾತನಾದಾಗ ಸತ್ಯದ ಹೆಸರು ಹೇಳುವುದು ಯಾವ ಒಂದು ಮತದ ಗುಣವೂ ಅಲ್ಲ.

ಚಿಲಿಯ ಕ್ಯಾಥೊಲಿಕ್ ಪಕ್ಷದ ವಾದಕ್ಕೆ ತಾತ್ವಿಕ ಬುನಾದಿ ಇತ್ತು. ತಪ್ಪಿಗೆ ಹಕ್ಕಿಲ್ಲ, ಸತ್ಯಕ್ಕೆ ಮಾತ್ರ ಹಕ್ಕಿದೆ. ಆತ್ಮಗಳ ಉದ್ಧಾರ ಮುಖ್ಯವಾದರೆ ಅವುಗಳ ದಾರಿ ತಪ್ಪಿಸುವ ಬೋಧನೆಗೆ ರಾಜ್ಯ ಬೀದಿಯಲ್ಲಿ ಜಾಗ ಕೊಡಲಾಗದು ಎಂಬುದು ಆ ವಾದ. 1864ರ ಡಿಸೆಂಬರಿನಲ್ಲಿ ಪೋಪ್ ಒಂಬತ್ತನೆಯ ಪಯಸ್ ಹೊರಡಿಸಿದ ತಪ್ಪುಗಳ ಪಟ್ಟಿ ಇದನ್ನು ಖಚಿತಪಡಿಸಿತು. ಕ್ಯಾಥೊಲಿಕ್ ದೇಶಗಳಿಗೆ ಬಂದು ನೆಲೆಸುವ ವಲಸಿಗರಿಗೆ ಅವರವರ ಪೂಜೆಯನ್ನು ಬಹಿರಂಗವಾಗಿ ನಡೆಸಲು ಬಿಡುವುದು ವಿವೇಕದ ಕೆಲಸ ಎಂಬ ಅಭಿಪ್ರಾಯವೇ ಅದರಲ್ಲಿ ಖಂಡನೆಗೆ ಗುರಿಯಾದ ಹೇಳಿಕೆಗಳಲ್ಲೊಂದು. ಎಂಟು ತಿಂಗಳೂ ಕಳೆಯುವ ಮೊದಲು, 1865ರ ಜುಲೈ 27ರಂದು, ಚಿಲಿ ಹೊಸ ಕಾನೂನು ಮಾಡಿತು. ಸಂವಿಧಾನದ ವಿಧಿಯನ್ನು ಕೈಬಿಡದೆ ಅದಕ್ಕೊಂದು ವ್ಯಾಖ್ಯಾನ ಕೊಟ್ಟು, ಖಾಸಗಿ ಒಡೆತನದ ಕಟ್ಟಡದೊಳಗೆ ಭಿನ್ನಮತೀಯರು ಪೂಜೆ ಮಾಡಬಹುದು, ತಮ್ಮ ಮಕ್ಕಳಿಗೆ ಶಾಲೆ ನಡೆಸಬಹುದು ಎಂದಿತು. ರಾಜಿ ಜಾಣತನದ್ದೇ. ಆದರೆ ನಂಬಿಕೆಯ ಹಕ್ಕು ಕಟ್ಟಡದ ಒಡೆತನಕ್ಕೆ ಗಂಟುಬಿದ್ದಿತು, ಹಣವಿದ್ದ ವರ್ತಕರಿಗೆ ಅದು ಸುಲಭವಾಗಿ ಒದಗಿತು. ದಕ್ಷಿಣದ ಮೂಲನಿವಾಸಿಗಳಾದ ಮಾಪುಚೆ ಜನರ ದೈವಗಳಿಗೆ ಈ ಚರ್ಚೆಯಲ್ಲಿ ಸ್ಥಾನವೇ ಇರಲಿಲ್ಲ. ಬಂದರಿಗೂ ಜರ್ಮನ್ ವಲಸಿಗರ ವಸಾಹತುಗಳಿಗೂ ಬೇಕಾಗಿದ್ದವರ ಸಲುವಾಗಿ ತೆರೆದ ಬಾಗಿಲು ಅದು ಎಂಬುದನ್ನು ಹೇಳಲೇಬೇಕು.

ಮುಂದಿನ ಹೆಜ್ಜೆ 1880ರ ದಶಕದ್ದು. ಅಧ್ಯಕ್ಷ ದೊಮಿಂಗೊ ಸಾಂತಾ ಮರಿಯಾ ಕಾಲದಲ್ಲಿ, 1883ರಲ್ಲಿ, ಸರ್ಕಾರಿ ಸ್ಮಶಾನಗಳು ಎಲ್ಲ ಮತದವರಿಗೂ ತೆರೆದವು. 1884ರಲ್ಲಿ ವಿವಾಹ ಮತ್ತು ಜನನ-ಮರಣ ದಾಖಲೆಗಳು ಪಾದ್ರಿಗಳ ಕೈಯಿಂದ ಸರ್ಕಾರಕ್ಕೆ ಬಂದವು. ಅದಕ್ಕೆ ಮೊದಲು ಪ್ರೊಟೆಸ್ಟೆಂಟ್ ಜೋಡಿಯ ಮದುವೆಗೂ 1844ರ ಕಾನೂನಿನಂತೆ ಕ್ಯಾಥೊಲಿಕ್ ಪಾದ್ರಿಯೇ ಸಾಕ್ಷಿ ನಿಲ್ಲಬೇಕಿತ್ತು. ಈ ಸುಧಾರಣೆಗಳು ಕಾನೂನಾದರೆ ಚಿಲಿಯ ಪ್ರಜೆಯಾಗುತ್ತೇನೆಂದು ಟ್ರಂಬಲ್ ಮಾತು ಕೊಟ್ಟಿದ್ದರು. 1886ರಲ್ಲಿ ಅದನ್ನು ಉಳಿಸಿಕೊಂಡರು. 1889ರಲ್ಲಿ ತೀರಿಕೊಂಡ ಅವರ ಸಮಾಧಿ ಪಾಂತೆಯೋನ್ ಗುಡ್ಡದ ಭಿನ್ನಮತೀಯರ ಸ್ಮಶಾನದಲ್ಲಿದೆ.

ಆದರೆ 1883ರ ಸ್ಮಶಾನ ಕಾನೂನಿನೊಂದಿಗೆ ನೋವು ಮಗ್ಗುಲು ಬದಲಿಸಿತು. ಎಲ್ಲರಿಗೂ ತೆರೆದ ನೆಲ ಪವಿತ್ರವಲ್ಲವೆಂದು ಚರ್ಚ್ ಸಾರಿ, ಅಲ್ಲಿ ತನ್ನ ಅಂತ್ಯವಿಧಿಗಳನ್ನು ನಿಷೇಧಿಸಿತು. ಸರ್ಕಾರ ಪ್ರತಿಯಾಗಿ ಚರ್ಚಿನ ಖಾಸಗಿ ಸ್ಮಶಾನಗಳಲ್ಲಿ ಹೂಳುವುದನ್ನೇ ತಡೆಯಿತು. ಕ್ಯಾಥೊಲಿಕ್ ಕುಟುಂಬಗಳು ರಾತ್ರಿ ಗುಟ್ಟಾಗಿ ಇಗರ್ಜಿಗಳೊಳಗೆ ಹೆಣ ಹೂಳಿದವು, ಕಲ್ಲು ತುಂಬಿದ ಶವಪೆಟ್ಟಿಗೆಗಳನ್ನು ಸರ್ಕಾರಿ ಸ್ಮಶಾನಕ್ಕೆ ಕಳಿಸಿದವು. ಉದಾರವಾದಿ ಸರ್ಕಾರ ಇಲ್ಲಿ ಎಡವಿತು. ಎಲ್ಲರಿಗೂ ಸಾಮಾನ್ಯವಾದ ನೆಲ ಇರಬೇಕೆಂಬುದು ನ್ಯಾಯ. ತನ್ನವರ ನಡುವೆ ಮಾತ್ರ ಮಲಗಬೇಕೆಂಬ ವಿಶ್ವಾಸಿಗೆ ಆ ಆಯ್ಕೆಯೇ ಇರಬಾರದೆಂಬುದು ಹಳೆಯ ಬಲವಂತವೇ. 1890ರಲ್ಲಿ ಆ ತಡೆ ಸಡಿಲಾಯಿತು. ಆಗಿನ ಆರ್ಚ್‌ಬಿಷಪ್ ಮರಿಯಾನೊ ಕಸನೋವಾ ಹಿಂದೆ ವಾಲ್ಪರೈಸೊದಲ್ಲಿದ್ದು ಟ್ರಂಬಲ್ ಜತೆ ಪತ್ರಿಕೆಗಳಲ್ಲಿ ವಾದ ಹೂಡಿದ್ದವರು.

1890ರ ದಶಕದ ಕೊನೆಗೆ ಲೂಥರನ್ನರು ಸೇಂಟ್ ಪಾಲ್‌ಗೆ ಅನತಿದೂರದಲ್ಲೇ ಎತ್ತರದ ಗೋಪುರವಿರುವ ಇಗರ್ಜಿ ಕಟ್ಟಿದರು. ಗೋಪುರ ಬಂದರಿನಿಂದಲೇ ಕಾಣುವಂತಿತ್ತು. ಎರಡೂ ಕಟ್ಟಡಗಳನ್ನು ಒಂದೇ ಬೆಳಿಗ್ಗೆ ನಡೆದು ನೋಡಬಹುದು, ನಡುವಿನ ನಲವತ್ತು ವರ್ಷಗಳಲ್ಲಿ ಏನು ಬದಲಾಯಿತೆಂಬುದು ಕಣ್ಣಿಗೇ ತಿಳಿಯುತ್ತದೆ. 1925ರ ಸಂವಿಧಾನ ರಾಜ್ಯವನ್ನೂ ಚರ್ಚನ್ನೂ ಬೇರ್ಪಡಿಸಿತು. 1865ರ ಕಾನೂನಿಗೆ ನೂರು ವರ್ಷ ತುಂಬಿದ 1965ರ ಡಿಸೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಧರ್ಮಸ್ವಾತಂತ್ರ್ಯವನ್ನು ಮನುಷ್ಯನ ಘನತೆಯಲ್ಲೇ ಬೇರೂರಿದ ಹಕ್ಕೆಂದು ಘೋಷಿಸಿತು. ಹಕ್ಕು ಇರುವುದು ಸಿದ್ಧಾಂತಕ್ಕಲ್ಲ, ವ್ಯಕ್ತಿಗೆ; ತಪ್ಪು ದಾರಿಯಲ್ಲಿ ಹುಡುಕುತ್ತಿರುವವನನ್ನೂ ಬಲವಂತದಿಂದ ತಡೆಯುವಂತಿಲ್ಲ ಎಂಬುದು ಆ ಘೋಷಣೆಯ ಆಧಾರ. ಚಿಲಿಯಲ್ಲಿ ಉಳಿದಿದ್ದ ಕಾನೂನಿನ ಅಸಮಾನತೆಯನ್ನು 1999ರ ಧಾರ್ಮಿಕ ಸಂಸ್ಥೆಗಳ ಕಾಯಿದೆ ಬಹುಮಟ್ಟಿಗೆ ನಿವಾರಿಸಿತು, 2008ರಿಂದ ಅಕ್ಟೋಬರ್ 31 ಪ್ರೊಟೆಸ್ಟೆಂಟ್ ಸಭೆಗಳ ದಿನವಾಗಿ ಅಲ್ಲಿ ರಾಷ್ಟ್ರೀಯ ರಜೆಯಾಗಿದೆ.