ಬೇಡದ್ದು ಯಾವುದು?

ಬೇಡದ್ದನ್ನು ತೆಗೆದುಹಾಕಬೇಕು ಎನ್ನುವುದರಲ್ಲಿ ಯಾರದೂ ತಕರಾರಿಲ್ಲ. ಯುಗಾದಿ ಹತ್ತಿರ ಬಂತೆಂದರೆ ನಮ್ಮ ಹಲಕುಂದಿಯಲ್ಲೂ ಅಟ್ಟದ ಸಾಮಾನು ಅಂಗಳಕ್ಕೆ ಇಳಿಯುತ್ತದೆ. ಜೈನರು ಇದನ್ನೇ ಅಪರಿಗ್ರಹವೆಂದು ವ್ರತದ ಮಟ್ಟಕ್ಕೇರಿಸಿದರು. ಆದರೆ ಬೇಡದ್ದು ಯಾವುದು, ಅದನ್ನು ಯಾರು ಹೇಳಬೇಕು ಎಂದು ಕೇಳಿದರೆ ಮಾತು ಅಷ್ಟು ಸುಲಭವಲ್ಲ. ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು, ನಗಬೇಡಿ, ಕಂಪ್ಯೂಟರಿನಿಂದ.

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಮುಂದಿನ ಆವೃತ್ತಿ ಹಳೆಯ ಯಂತ್ರಗಳಿಗೆಲ್ಲ ಒಗ್ಗುವುದಿಲ್ಲ. ಹೀಗಾಗಿ ಅವನ್ನು ಗುಜರಿಗೆ ಹಾಕಲು ಮನಸ್ಸಾಗದವರು ಡೆಬಿಯನ್‌ನಂಥ ಉಚಿತ ಲಿನಕ್ಸ್ ವ್ಯವಸ್ಥೆಯನ್ನು, ಬೇಕಾದಷ್ಟೇ ಇಟ್ಟು ಹಗುರ ಮಾಡಿ, ಹಾಕಿಕೊಳ್ಳುತ್ತಾರೆ. 1993ರಲ್ಲಿ ಶುರುವಾದ ಡೆಬಿಯನ್ ಈ ಹಗುರ ಮಾಡುವ ಕೆಲಸಕ್ಕೆ ಒಂದು ನೀತಿಯನ್ನೇ ಇಟ್ಟುಕೊಂಡಿದೆ. ನೀವು ಕೇಳಿ ತರಿಸಿಕೊಂಡದ್ದು ಯಾವುದು, ಅದರ ಬೆನ್ನಿಗೆ ಬಂದದ್ದು ಯಾವುದು ಎಂದು ಅದು ಲೆಕ್ಕ ಬರೆದಿಡುತ್ತದೆ. ಒಂದನ್ನು ತೆಗೆಯಹೊರಟರೆ ಅದನ್ನು ನಂಬಿಕೊಂಡ ಉಳಿದವುಗಳ ಹೆಸರನ್ನೂ ಮುಂದಿಡುತ್ತದೆ. ನಿಜವಾಗಿ ತೆಗೆಯದೆ, ತೆಗೆದರೆ ಏನಾದೀತೆಂದು ತೋರಿಸುವ ಸೌಲಭ್ಯವೂ ಉಂಟು. ಬಲ್ಲವರು ಮೊದಲು ಕಡತಗಳ ನಕಲು ಬೇರೆಡೆ ಇಡುತ್ತಾರೆ, ಆ ಪಟ್ಟಿಯನ್ನು ಪೂರ್ತಿ ಓದುತ್ತಾರೆ, ಒಂದೊಂದಾಗಿ ತೆಗೆದು ಪರೀಕ್ಷಿಸುತ್ತಾರೆ. ಇನ್ನೂ ಜಾಣರು ಕತ್ತರಿಸುವ ಗೋಜಿಗೇ ಹೋಗದೆ, ಚಿಕ್ಕದಾಗಿ ಶುರುಮಾಡಿ ಬೇಕೆನಿಸಿದ್ದನ್ನು ಸೇರಿಸುತ್ತ ಹೋಗುತ್ತಾರೆ.

ಪಟ್ಟಿ ಓದದಿದ್ದರೆ? 2021ರಲ್ಲಿ ಕೆನಡಾದ ಲೈನಸ್ ಸೆಬಾಸ್ಟಿಯನ್ ಎಂಬ ಹೆಸರಾಂತ ಯೂಟ್ಯೂಬ್ ನಿರೂಪಕರು ಪಾಪ್ ಓಎಸ್ ಎಂಬ ಲಿನಕ್ಸಿನಲ್ಲಿ ಆಟದ ತಂತ್ರಾಂಶವೊಂದನ್ನು ಹಾಕಲು ಹೋದರು. ಅತ್ಯಗತ್ಯ ಭಾಗಗಳು ಹೋಗುತ್ತವೆ ಎಂದು ಯಂತ್ರ ಎಚ್ಚರಿಸಿತು. ಹೇಳಿದಷ್ಟು ಮಾಡು ಎಂದು ಅವರು ಒಪ್ಪಿಗೆ ಕೊಟ್ಟರು. ಪರದೆಯ ಮೇಲಿನ ಇಡೀ ಕಿಟಕಿ ವ್ಯವಸ್ಥೆಯೇ ಮಾಯವಾಯಿತು. ನಮ್ಮ ಕಡೆಯ ಮಾಳಿಗೆ ಮನೆಯಲ್ಲಿ ಕಂಬ ಅಡ್ಡವಾಯಿತೆಂದು ಕಿತ್ತರೆ ಮೇಲಿನ ತೊಲೆ ನಿಂತೀತೆ?

ಆದರೆ ನನ್ನ ಮನಸ್ಸು ನಿಂತದ್ದು ಬೇರೊಂದು ಕಡೆ. ಜಾಗ ಉಳಿಸಲೆಂದು 'ಬೇಡದ' ಭಾಷೆಗಳ ಕಡತಗಳನ್ನು ಅಳಿಸುವ ಲೊಕೇಲ್‌ಪರ್ಜ್ ಎಂಬ ಸಲಕರಣೆ ಇದೆ. ಉಳಿಸಬೇಕಾದ ಭಾಷೆಗಳನ್ನು ಗುರುತು ಹಾಕಬೇಕು, ಉಳಿದವು ಹೋಗುತ್ತವೆ. ಗುರುತು ಹಾಕುವ ಕೈ ಕನ್ನಡ ಓದದವರದಾದರೆ ಕನ್ನಡವೂ ಹೋಗುತ್ತದೆ. ಗುಬ್ಬಿ, ನವಿಲು ಎಂಬ ಚೆಂದದ ಹೆಸರಿನ ಕನ್ನಡ ಅಕ್ಷರಮಾದರಿಗಳು ಡೆಬಿಯನ್‌ನಲ್ಲಿವೆ. ಇರುವ ಕನ್ನಡ ಅಕ್ಷರಮಾದರಿಗಳನ್ನೆಲ್ಲ ತೆಗೆದುಬಿಟ್ಟರೆ ಮಗು ಬರೆದ ಕನ್ನಡ ಪರದೆಯ ಮೇಲೆ ಬರೀ ಖಾಲಿ ಚೌಕಗಳಾಗಿ ಕಾಣುತ್ತದೆ. ಯಂತ್ರದ ಲೆಕ್ಕದಲ್ಲಿ ಯಾವ ತಪ್ಪೂ ಆಗಿಲ್ಲ. ಯಾವ ಭಾಗ ಯಾವುದನ್ನು ನಂಬಿದೆ ಎಂಬುದು ಅದಕ್ಕೆ ಗೊತ್ತು. ಯಾವ ಮಗು ಯಾವುದನ್ನು ನಂಬಿದೆ ಎಂಬುದು ಗೊತ್ತಿಲ್ಲ.

ಅದನ್ನು ತಿಳಿಯಬೇಕಾದವರು ನಾವು. ಗಡಿಯ ಜನರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಬಂದಾಗ ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಸೇರಿದವು. ಗೆರೆಯ ಎರಡೂ ಕಡೆ, ಮನೆಯಲ್ಲಿ ಒಂದು ನುಡಿ, ಸಂತೆಯಲ್ಲಿ ಇನ್ನೊಂದು ಆಡುವವರು ಉಳಿದರು. ಲೆಕ್ಕದಲ್ಲಿ ಕಡಿಮೆಯಾದದ್ದೆಲ್ಲ ಬೇಡದ್ದಲ್ಲ.

ಮಕ್ಕಳು ಕಡಿಮೆಯೆಂದು ಊರ ಶಾಲೆಯನ್ನು ಪಕ್ಕದೂರಿಗೆ ಸೇರಿಸುವ ಮಾತು ಬಂದಾಗಲೂ ನನಗೆ ಆ ಪಟ್ಟಿಯೇ ನೆನಪಾಗುತ್ತದೆ. ಹಾಜರಿ ಪುಸ್ತಕದಲ್ಲಿ ಏಳು ಹೆಸರಿರಬಹುದು. ಅದರಲ್ಲಿ ಪಕ್ಕದೂರಿಗೆ ಒಬ್ಬಳನ್ನೇ ಕಳಿಸಲು ಮನೆಯವರು ಒಪ್ಪದ ಹುಡುಗಿಯರು ಎಷ್ಟು ಜನ ಎಂದು ಕೇಳಿದವರುಂಟೆ? ಮನೆಯ ವಿಷಯವೂ ಅಷ್ಟೇ. ಖರ್ಚು ಕಡಿಮೆ ಮಾಡಬೇಕೆಂದಾಗ ಮೊದಲು 'ಬೇಡ'ವಾಗುವುದು ಅತ್ತೆಯ ಕನ್ನಡಕವೋ ಮಗಳ ಬಸ್ ಪಾಸೋ ಹೊರತು, ಲೆಕ್ಕ ಹಾಕುವವರ ಸ್ವಂತದ್ದಲ್ಲ.

ಹಗುರಾಗುವುದು ಒಳ್ಳೆಯದೇ. ಆದರೆ ತೆಗೆಯುವವನಿಗೆ ಏನೂ ನಷ್ಟವಿಲ್ಲದೆ, ಇನ್ನೊಬ್ಬರೇ ಅದರ ಬೆಲೆ ತೆರುವಂತಿದ್ದರೆ ಅದನ್ನು ಅಪರಿಗ್ರಹವೆನ್ನಲು ನನಗೆ ನಾಲಿಗೆ ಏಳುವುದಿಲ್ಲ. ಯಾವುದನ್ನಾದರೂ ತೆಗೆಯುವ ಮೊದಲು ಅದನ್ನು ನಂಬಿದವರನ್ನು ಕರೆದು ಕೇಳೋಣ. ಉತ್ತರ ಬರುವವರೆಗೆ ಅದು ಅಟ್ಟದ ಮೇಲಿದ್ದರೆ ಯಾರಿಗೇನು ಭಾರ?